ಹೆಸರಿಲ್ಲದ ಫೋಟೋ

ಕಂಪ್ಯೂಟರನ್ನು ಕಂಡುಹಿಡಿದವರು ಯಾರು ಎಂದು ಮಕ್ಕಳು ಕೇಳಿದರೆ ಒಂದೆರಡು ಗಂಡಸರ ಹೆಸರು ಹೇಳಿ ಸುಮ್ಮನಾಗುತ್ತೇವೆ. ಪುಸ್ತಕಗಳು ನಮಗೆ ಕಲಿಸಿದ್ದೂ ಅಷ್ಟೇ. ಯಂತ್ರ ಕಟ್ಟಿದವರ ಹೆಸರು ಉಳಿಯಿತು, ಸರಿ. ಅದರಿಂದ ಕೆಲಸ ಮಾಡಿಸಿದವರು?

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 'ಎನಿಯಾಕ್' ಎಂಬ ಯಂತ್ರ ತಯಾರಾಯಿತು. ರೂಪಿಸಿದವರು ಜಾನ್ ಮಾಚ್ಲಿ ಮತ್ತು ಪ್ರೆಸ್ಪರ್ ಎಕರ್ಟ್. ನಮ್ಮ ಹಳೆಯ ರೇಡಿಯೋಗಳಲ್ಲಿ ಇರುತ್ತಿದ್ದಂಥ ವಾಲ್ವುಗಳೇ ಅದರಲ್ಲಿ ಸುಮಾರು 18,000 ಇದ್ದವು. ತೂಕ 30 ಟನ್!

ಆಗ 'ಕಂಪ್ಯೂಟರ್' ಎಂಬುದು ಲೆಕ್ಕ ಮಾಡುವವರ ಹುದ್ದೆಯ ಹೆಸರೂ ಆಗಿತ್ತು. ಗಂಡಸರು ಯುದ್ಧಕ್ಕೆ ಹೋಗಿದ್ದರಿಂದ ಸೇನೆ ಗಣಿತ ಬಲ್ಲ ಹುಡುಗಿಯರನ್ನು ಆ ಕೆಲಸಕ್ಕೆ ಸೇರಿಸಿಕೊಂಡಿತು. ಫಿರಂಗಿಯ ಗುಂಡು ಹಾರಿ ಎಲ್ಲಿ ಬೀಳುತ್ತದೆಂಬ ಒಂದು ಲೆಕ್ಕಕ್ಕೆ ಒಬ್ಬಳಿಗೆ 30 ಗಂಟೆಗೂ ಹೆಚ್ಚು ಹಿಡಿಯುತ್ತಿತ್ತು. 1945ರಲ್ಲಿ ಅವರಲ್ಲಿ ಆರು ಮಂದಿಯನ್ನು ಎನಿಯಾಕ್ ಕೆಲಸಕ್ಕೆ ಆರಿಸಿದರು: ಕೇ ಮೆಕ್‌ನಲ್ಟಿ, ಬೆಟ್ಟಿ ಜೆನ್ನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ಸೆಸ್ ಬಿಲಾಸ್, ರೂತ್ ಲಿಕ್ಟರ್‌ಮನ್.

ಅವರಿಗೆ ಪಾಠ ಹೇಳುವವರಿರಲಿಲ್ಲ, ನೋಡಿಕೊಳ್ಳಲು ಕೈಪಿಡಿ ಇರಲಿಲ್ಲ. ಅದು ಗುಟ್ಟಿನ ಯಂತ್ರವಾದ್ದರಿಂದ ಮೊದಮೊದಲು ಅದಿದ್ದ ಕೋಣೆಯೊಳಗೂ ಬಿಡಲಿಲ್ಲ. ನಕ್ಷೆಗಳನ್ನು ಹರಡಿಕೊಂಡು, ತಮ್ಮತಮ್ಮಲ್ಲೇ ಚರ್ಚಿಸಿ, ಯಾವ ತಂತಿ ಎಲ್ಲಿಗೆ ಸೇರಬೇಕು, ಯಾವ ಸ್ವಿಚ್ಚು ಹೇಗಿರಬೇಕೆಂದು ಅವರೇ ಕಂಡುಕೊಂಡರು. ಇಂದು ನಾವು 'ಪ್ರೋಗ್ರಾಮಿಂಗ್' ಎನ್ನುವ ವಿದ್ಯೆಗೆ ಮೊದಲ ಹಾದಿ ಹಾಕಿದವರಲ್ಲಿ ಈ ಆರು ಮಂದಿ ಸೇರಿದ್ದಾರೆ.

1946ರ ಫೆಬ್ರವರಿಯಲ್ಲಿ ಯಂತ್ರವನ್ನು ಗಣ್ಯರ ಮುಂದೆ ಓಡಿಸಿ ತೋರಿಸಬೇಕಿತ್ತು. ಅದರ ಲೆಕ್ಕವನ್ನು ಸಿದ್ಧಪಡಿಸಿದವರು ಇಬ್ಬರು ಬೆಟ್ಟಿಯರು. ಹಿಂದಿನ ದಿನವೂ ಒಂದು ತಪ್ಪು ಉಳಿದಿತ್ತು. ಗುಂಡು ನೆಲಕ್ಕೆ ಬಿದ್ದ ಮೇಲೂ ಲೆಕ್ಕ ನಿಲ್ಲದೆ ಮುಂದೆ ಸಾಗುತ್ತಿತ್ತು, ಗುಂಡು ಭೂಮಿಯೊಳಗೇ ಹೊಕ್ಕು ಓಡಿದ ಹಾಗೆ! ಸ್ನೈಡರ್ ರಾತ್ರಿ ಅದನ್ನೇ ಯೋಚಿಸುತ್ತ ಮಲಗಿ, ಬೆಳಿಗ್ಗೆ ಬಂದು ಒಂದೇ ಒಂದು ಸ್ವಿಚ್ಚು ಬದಲಿಸಿದಳು. ಗುಂಡು ಗುರಿ ಮುಟ್ಟುವುದಕ್ಕಿಂತ ಮೊದಲೇ, ಸುಮಾರು 20 ಸೆಕೆಂಡಿನಲ್ಲಿ ಲೆಕ್ಕ ಮುಗಿಯಿತು. ನೋಡಿದವರು ಬೆರಗಾದರು.

ಆ ಸಂಜೆ ದೊಡ್ಡ ಔತಣ ನಡೆಯಿತು. ಈ ಹುಡುಗಿಯರಿಗೆ ಕರೆ ಇರಲಿಲ್ಲ. ಅಡುಗೆ ಮಾಡಿದವಳನ್ನು ಪಂಕ್ತಿಗೆ ಕರೆಯಲು ಮರೆಯುವುದು ನಮಗೆ ಹೊಸದೇನಲ್ಲ. ಆದರೂ ಚಳಿಯಲ್ಲಿ ಮನೆಗೆ ನಡೆದ ಆ ಹುಡುಗಿಯರನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಹೆಸರಿಗಾಗಿ ಗಂಡಸರೂ ಕಾದಾಡಿದರು. ಮೂಲ ವಿಚಾರಗಳು ಜಾನ್ ಅಟನಾಸಾಫ್ ಅವರಿಂದ ಬಂದವೆಂದು 1973ರಲ್ಲಿ ನ್ಯಾಯಾಲಯ ಎನಿಯಾಕ್ ಪೇಟೆಂಟನ್ನೇ ರದ್ದು ಮಾಡಿತು. ಅವರಿಗೆ ಜಗಳವಾಡಲು ಒಂದು ಕಾಗದವಾದರೂ ಇತ್ತು. ಈ ಆರು ಮಂದಿಗೆ ಅದೂ ಇರಲಿಲ್ಲ.

1980ರ ದಶಕದಲ್ಲಿ ಕ್ಯಾಥಿ ಕ್ಲೈಮನ್ ಎಂಬ ವಿದ್ಯಾರ್ಥಿನಿ ಹಳೆಯ ಫೋಟೋಗಳಲ್ಲಿ ಎನಿಯಾಕ್ ಪಕ್ಕ ನಿಂತ ಹೆಂಗಸರನ್ನು ಕಂಡು, ಇವರು ಯಾರೆಂದು ವಿಚಾರಿಸಿದಳು. ಫ್ರಿಜ್ಜಿನ ಜಾಹೀರಾತಿಗೆ ನಿಲ್ಲುವಂಥ ಮಾಡೆಲ್‌ಗಳು ಎಂಬ ಉತ್ತರ ಬಂತು! ಅವಳು ನಂಬಲಿಲ್ಲ. ಮದುವೆಯಾಗಿ ಸ್ನೈಡರ್ ಹೋಲ್ಬರ್ಟನ್ ಆಗಿದ್ದಳು, ಜೆನ್ನಿಂಗ್ಸ್ ಬಾರ್ಟಿಕ್ ಆಗಿದ್ದಳು, ಮೆಕ್‌ನಲ್ಟಿ ಮಾಚ್ಲಿಯನ್ನೇ ವರಿಸಿದ್ದಳು. ತವರಿನ ಹೆಸರೊಂದು, ಗಂಡನ ಮನೆಯದೊಂದು. ಆದರೂ ಕ್ಲೈಮನ್ ಅವರನ್ನು ಹುಡುಕಿ ಮಾತಾಡಿಸಿದಳು.

1997ರಲ್ಲಿ ತಂತ್ರಜ್ಞಾನದಲ್ಲಿರುವ ಮಹಿಳೆಯರ ಅಂತರರಾಷ್ಟ್ರೀಯ ಸಂಸ್ಥೆಯೊಂದು ಆರೂ ಮಂದಿಯನ್ನು ತನ್ನ ಗೌರವ ಪಟ್ಟಿಗೆ ಸೇರಿಸಿತು. ಕೆಲಸ ಮಾಡಿ ಐವತ್ತು ವರ್ಷ ಕಳೆದಿತ್ತು. ರೂತ್ 1986ರಲ್ಲೇ ತೀರಿಕೊಂಡಿದ್ದಳು.

ಮರೆವು ಯಾವಾಗಲೂ ದ್ವೇಷದಿಂದಲೇ ಬರುವುದಿಲ್ಲ. ಫೋಟೋದ ಕೆಳಗೆ ಹೆಸರು ಬರೆಯುವ ಸಣ್ಣ ಕೆಲಸವನ್ನು ಯಾರೂ ಮಾಡದಿದ್ದರೂ ಸಾಕು. ನಿಮ್ಮ ಮನೆಯ ಆಲ್ಬಮ್ಮಿನಲ್ಲೂ ಕೆಲಸದ ನಡುವೆ ನಿಂತ ಅತ್ತೆ, ಚಿಕ್ಕಮ್ಮ, ಅಜ್ಜಿ ಇರಬಹುದು. ಹೇಳಬಲ್ಲವರು ಇರುವಾಗಲೇ ಕೇಳಿ, ಹೆಸರಿನ ಜೊತೆ ಅವರು ಮಾಡಿದ ಕೆಲಸವನ್ನೂ ಬರೆದಿಡಿ.