ರಕ್ತಕ್ಕೆ ಇಳಿಯದ ಅರಿಶಿನ: ಕ್ಯಾನ್ಸರ್ ಶುಶ್ರೂಷೆಯಲ್ಲಿ ಕರ್ಕ್ಯುಮಿನ್ ನಡೆದುಬಂದ ದಾರಿ

ವಿಜಯವಾಡದ ಪಟಮಟದಿಂದ ಕೃಷ್ಣಾ ನದಿ ದಾಟಿ ಗುಂಟೂರು ಜಿಲ್ಲೆಗೆ ಕಾಲಿಟ್ಟರೆ ದುಗ್ಗಿರಾಲ ದೂರವೇನಲ್ಲ. ಅರಿಶಿನದ ವ್ಯಾಪಾರಕ್ಕೆ ದೇಶದಲ್ಲೇ ಹೆಸರಾದ ಊರದು. ಅರಿಶಿನ ಕೊಂಬಿನಲ್ಲಿ ಕರ್ಕ್ಯುಮಿನ್ ಎಂಬ ಹಳದಿ ವಸ್ತು ಇರುವುದು ಸಾಮಾನ್ಯವಾಗಿ ನೂರಕ್ಕೆ ಎರಡರಿಂದ ಐದು ಪಾಲು. ಕ್ಯಾನ್ಸರ್ ರೋಗಿಗಳ ಮನೆಯವರು ಪೂರಕವೆಂದು ಕೊಂಡುತರುವ ಮಾತ್ರೆಗಳ ಡಬ್ಬಿಯ ಮೇಲೆ ಇವತ್ತು ಇರುವುದು ಅದರದೇ ಹೆಸರು. ಈ ವಸ್ತುವಿನ ಚರಿತ್ರೆಯಲ್ಲಿ ಮೈಸೂರು, ಬೆಂಗಳೂರುಗಳ ಪಾಲು ದೊಡ್ಡದು. ಆ ಪಾಲನ್ನು ನಾವು ತಲೆಕೆಳಗಾಗಿ ಓದಿಕೊಂಡಿದ್ದೇವೆ ಎಂಬುದು ಈ ಲೇಖನದ ವಾದ.

ಕ್ಯಾನ್ಸರ್‌ಗೆ ಗಿಡದಿಂದ ಔಷಧ ಬಂದಿಲ್ಲವೆಂದಲ್ಲ. ನಮ್ಮ ಅಂಗಳದ ನಿತ್ಯಪುಷ್ಪದಿಂದ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ 1958ರಲ್ಲಿ ವಿನ್‌ಬ್ಲಾಸ್ಟಿನ್ ಬೇರ್ಪಡಿಸಿದರು. ಅದೇ ಗಿಡದ ವಿನ್‌ಕ್ರಿಸ್ಟಿನ್ 1963ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಮಹಾರಾಷ್ಟ್ರದ ನಂದುರ್‌ಬಾರ್‌ನಲ್ಲಿ ಹುಟ್ಟಿದ ಮನ್ಸುಖ್ ವಾನಿ, ಮನ್ರೋ ವಾಲ್ ಜೊತೆ 1971ರಲ್ಲಿ ಟ್ಯಾಕ್ಸಾಲ್‌ನ ರಚನೆ ಪ್ರಕಟಿಸಿದರು. ಇವು ಅಳತೆ ಹಿಡಿದು ರಕ್ತನಾಳಕ್ಕೆ ಕೊಡುವ ಮದ್ದುಗಳು. ಕರ್ಕ್ಯುಮಿನ್ ಈ ಸಾಲಿಗೆ ಸೇರಿದ್ದಲ್ಲ. ಅದರ ಬಗ್ಗೆ ಇದ್ದ ಆಸೆ ಬೇರೆ: ಚಿಕಿತ್ಸೆಯ ನೋವು, ಉರಿ, ಹುಣ್ಣುಗಳನ್ನು ತಗ್ಗಿಸಬಹುದೆಂಬುದು.

ಕರ್ಕ್ಯುಮಿನ್ ಅನ್ನು ಮೊದಲು ಬೇರ್ಪಡಿಸಿದ್ದು 1815ರಲ್ಲಿ. ಅದರ ರಚನೆ ತಿಳಿದದ್ದು 1910ರಲ್ಲಿ. ನುಂಗಿದ ಮೇಲೆ ಅದು ಏನಾಗುತ್ತದೆ ಎಂಬ ಪ್ರಶ್ನೆ ಕೈಗೆತ್ತಿಕೊಂಡವರಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯವರು ಮುಖ್ಯರು. 1950ರಲ್ಲಿ ಚೆಲುವಾಂಬ ಮಹಲಿನಲ್ಲಿ ಶುರುವಾದ ಈ ಸಂಸ್ಥೆಯಿಂದ 1970ರಲ್ಲೇ, ಇಲಿಗಳ ಕೊಲೆಸ್ಟರಾಲ್ ಮೇಲೆ ಕರ್ಕ್ಯುಮಿನ್‌ನ ಪರಿಣಾಮ ಕುರಿತ ಪ್ರಬಂಧ ಬಂದಿತ್ತು. 1980ರಲ್ಲಿ ವಿಜಯಲಕ್ಷ್ಮಿ ರವೀಂದ್ರನಾಥ್ ಮತ್ತು ಎನ್. ಚಂದ್ರಶೇಖರ ಇಲಿಗಳಿಗೆ 400 ಮಿಲಿಗ್ರಾಂ ಕರ್ಕ್ಯುಮಿನ್ ಬಾಯಿಯ ಮೂಲಕ ಕೊಟ್ಟು, ಅದು ದೇಹದಲ್ಲಿ ಎಲ್ಲೆಲ್ಲಿ ಸಿಗುತ್ತದೆಂದು ಹುಡುಕಿದರು. ಸುಮಾರು ಶೇ. 60ರಷ್ಟು ಕರುಳಿನಲ್ಲಿ ಹೀರಲ್ಪಟ್ಟಿತ್ತು. ಆದರೆ ಹೃದಯದ ರಕ್ತದಲ್ಲಿ ಅದು ಕಾಣಲಿಲ್ಲ. ದಾರಿಯಲ್ಲೇ ಅದರ ರೂಪ ಬದಲಾಗಿಹೋಗುತ್ತಿತ್ತು. ರವೀಂದ್ರನಾಥ್ ಅವರು ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾಲಯದಲ್ಲಿ ಓದಿ ಮೈಸೂರಿಗೆ ಬಂದವರು. ಮುಂದೆ ಮಿದುಳಿನ ಸಂಶೋಧನೆಯಲ್ಲಿ ಹೆಸರು ಮಾಡಿದರು. ಅವರ ಈ ಆರಂಭದ ಕೆಲಸ ಕನ್ನಡದಲ್ಲಿ ಚರ್ಚೆಗೆ ಬರಲೇಬೇಕಾದದ್ದು.

ರಕ್ತಕ್ಕೆ ಇಳಿಯದಿದ್ದರೂ ಚರ್ಮದ ಮೇಲೆ ಹಚ್ಚಬಹುದಲ್ಲ? ತ್ರಿಶೂರಿನ ಅಮಲಾ ಕ್ಯಾನ್ಸರ್ ಸಂಶೋಧನಾ ಕೇಂದ್ರದ ರಾಮದಾಸನ್ ಕುಟ್ಟನ್ ತಂಡ ಹೊರಮೈಯ ಕ್ಯಾನ್ಸರ್ ಹುಣ್ಣುಗಳಿದ್ದ 62 ರೋಗಿಗಳಿಗೆ ಅರಿಶಿನದ ಸಾರ ಮತ್ತು ಕರ್ಕ್ಯುಮಿನ್ ಮುಲಾಮು ಹಚ್ಚಿ, 1987ರಲ್ಲಿ ವರದಿ ಮಾಡಿತು. ಶೇ. 90 ಮಂದಿಯಲ್ಲಿ ಹುಣ್ಣಿನ ದುರ್ವಾಸನೆ ತಗ್ಗಿತು, ಬಹುತೇಕ ಎಲ್ಲರಿಗೂ ತುರಿಕೆ ಕಡಿಮೆಯಾಯಿತು. ಹುಣ್ಣಿನ ಗಾತ್ರ ಕುಗ್ಗಿದ್ದು ಕೆಲವರಲ್ಲಷ್ಟೇ. ವಾಸನೆಗೆ ಅಂಜಿ ನೆಂಟರು ಹತ್ತಿರ ಬರದಂಥ ಸ್ಥಿತಿಯಲ್ಲಿರುವ ರೋಗಿಗೆ ಇದೇನೂ ಸಣ್ಣ ಉಪಕಾರವಲ್ಲ. ಕರ್ಕ್ಯುಮಿನ್ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಾಮಾಣಿಕವಾಗಿ ಕಾಣುವ ಅಧ್ಯಾಯ ಇದು.

ತಿರುವು ಬಂದದ್ದು 1998ರಲ್ಲಿ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅಧ್ಯಯನದಲ್ಲಿ ಆರೋಗ್ಯವಂತ ಸ್ವಯಂಸೇವಕರು 2 ಗ್ರಾಂ ಕರ್ಕ್ಯುಮಿನ್ ನುಂಗಿದಾಗ ರಕ್ತದಲ್ಲಿ ಅದು ಸಿಕ್ಕಿದ್ದು ಇಲ್ಲವೆನ್ನುವಷ್ಟು. ಜೊತೆಗೆ ಕಾಳುಮೆಣಸಿನ ಪಿಪೆರಿನ್ 20 ಮಿಲಿಗ್ರಾಂ ಕೊಟ್ಟಾಗ ಪ್ರಮಾಣ ಶೇ. 2000ರಷ್ಟು ಏರಿತು. ಇವತ್ತು ಜಾಹೀರಾತುಗಳಲ್ಲಿ ಕಾಣುವ ಅಂಕಿ ಇದೇ. ಇಲ್ಲವೆನ್ನುವಷ್ಟಿದ್ದದ್ದು ಎಷ್ಟು ಪಟ್ಟು ಬೆಳೆದರೂ ಅಲ್ಪವೇ ಎಂಬುದನ್ನು, ಏರಿಕೆ ಕಂಡದ್ದು ಮೊದಲ ಒಂದು ಗಂಟೆಯ ಆಸುಪಾಸಿನಲ್ಲಿ ಮಾತ್ರ ಎಂಬುದನ್ನು ಜಾಹೀರಾತು ಹೇಳುವುದಿಲ್ಲ. ಪಿಪೆರಿನ್ ಕೆಲಸ ಮಾಡುವ ಬಗೆಯನ್ನೂ ಹೇಳುವುದಿಲ್ಲ: ಪಿತ್ತಜನಕಾಂಗ ಮತ್ತು ಕರುಳಿನಲ್ಲಿ ಹೊರಗಿನ ವಸ್ತುಗಳನ್ನು ಒಡೆಯುವ ಕಿಣ್ವಗಳನ್ನು ಅದು ತಡೆಯುತ್ತದೆ. ಪ್ರಯೋಗಶಾಲೆಯಲ್ಲಿ ಅದು ತಡೆದ ಕಿಣ್ವಗಳಲ್ಲಿ ಸಿವೈಪಿ3ಎ4 ಕೂಡ ಒಂದು. ವಿನ್‌ಕ್ರಿಸ್ಟಿನ್, ಡಾಸಿಟ್ಯಾಕ್ಸೆಲ್‌ನಂಥ ಕೀಮೋಥೆರಪಿ ಔಷಧಗಳನ್ನು ದೇಹದಲ್ಲಿ ಒಡೆಯುವುದು ಇದೇ ಗುಂಪಿನ ಕಿಣ್ವಗಳು.

ಶುಶ್ರೂಷೆಯ ಪರೀಕ್ಷೆಯ ಕಥೆಯೂ ಇಷ್ಟೇ ಕಲಿಸುವಂಥದ್ದು. ಅಮೆರಿಕದ ರಾಚೆಸ್ಟರ್‌ನಲ್ಲಿ ವಿಕಿರಣ ಚಿಕಿತ್ಸೆಯಲ್ಲಿದ್ದ 30 ಸ್ತನ ಕ್ಯಾನ್ಸರ್ ರೋಗಿಗಳ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ದಿನಕ್ಕೆ 6 ಗ್ರಾಂ ಕರ್ಕ್ಯುಮಿನ್ ಪಡೆದವರಲ್ಲಿ ಚರ್ಮದ ಸುಟ್ಟಗಾಯದ ತೀವ್ರತೆ ಕಡಿಮೆ ಇತ್ತು. ಅದೇ ತಂಡದ 686 ರೋಗಿಗಳ ದೊಡ್ಡ ಅಧ್ಯಯನ 2018ರಲ್ಲಿ ಬಂದಾಗ ಆ ಲಾಭ ಉಳಿಯಲಿಲ್ಲ. ಮೊದಲನೆಯದನ್ನು ಹೇಳಿ ಎರಡನೆಯದನ್ನು ಬಿಡುವುದು ರೋಗಿಗೆ ಮಾಡುವ ಅನ್ಯಾಯ.

ಸಾರು, ಪಲ್ಯದ ಅರಿಶಿನಕ್ಕೂ ಮೆಣಸಿಗೂ ಯಾರೂ ಹೆದರಬೇಕಿಲ್ಲ. ಗ್ರಾಂ ಲೆಕ್ಕದ ಮಾತ್ರೆಯ ಮಾತು ಬೇರೆ. ಕೀಮೋಥೆರಪಿ ನಡೆಯುತ್ತಿರುವವರು ಕರ್ಕ್ಯುಮಿನ್-ಪಿಪೆರಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಆ ಡಬ್ಬಿಯನ್ನೇ ಕೊಂಡೊಯ್ದು ತಮಗೆ ಚಿಕಿತ್ಸೆ ಕೊಡುವ ಕ್ಯಾನ್ಸರ್ ವೈದ್ಯರಿಗೆ ತೋರಿಸಲಿ.