ಹೊಗೆಯಲ್ಲಿ ಕಣ್ಣು

ವಾಚಕರೇ, ಹಸಿ ಸೌದೆಯ ಒಲೆ ಹೊಗೆಯಾಡಿದರೆ ಕಣ್ಣೊರೆಸುತ್ತ ಅಂಗಳಕ್ಕೆ ಬರಬಹುದು. ವಿಮಾನ ನಡೆಸುವವನು ಎಲ್ಲಿಗೆ ಬಂದಾನು? 1973ರ ಜುಲೈ 11ರಂದು ಪ್ಯಾರಿಸ್ಸಿನ ಬಳಿಗೆ ಬಂದಿದ್ದ ಬ್ರೆಜಿಲ್ ದೇಶದ ವಾರಿಗ್ ವಿಮಾನದ ಹಿಂಬದಿಯ ಶೌಚಗೃಹದಲ್ಲಿ ಬೆಂಕಿ ಹತ್ತಿತು. ಹೊಗೆ ಚಾಲಕರ ಕೋಣೆಗೂ ಕವಿದು, ಎದುರಿನ ಮಾಪಕಗಳೇ ಕಾಣದಾದವು. ಅವರು ಪಕ್ಕದ ಕಿಟಕಿ ತೆರೆದು ಹೊರಗೆ ನೋಡುತ್ತ, ನಿಲ್ದಾಣಕ್ಕೆ ಸುಮಾರು 5 ಕಿಲೋಮೀಟರ್ ಮೊದಲೇ ಹೊಲದಲ್ಲಿ ಇಳಿಸಿದರು. 134 ಜನರಲ್ಲಿ ಬದುಕಿದವರು 11. ಮಡಿದವರಲ್ಲಿ ಬಹುಮಂದಿಯನ್ನು ಕೊಂದದ್ದು ಹೊಗೆ.

ಮುಂದೆ ಹೊರಟ ಉಪಾಯ ಎಷ್ಟು ಸರಳ ನೋಡಿ! ಸೋಸಿದ ಗಾಳಿಯಿಂದ ಉಬ್ಬುವ ಪಾರದರ್ಶಕ ಚೀಲವನ್ನು ಚಾಲಕನ ಮುಖಕ್ಕೂ ಮಾಪಕಗಳಿಗೂ ನಡುವೆ ಇಡುವುದು. ಹೊಗೆ ತೊಲಗುವುದಿಲ್ಲ, ಚೀಲವಿದ್ದೆಡೆ ಅದಕ್ಕೆ ಜಾಗವಿಲ್ಲ, ಅಷ್ಟೆ. ಹೀಗಿದ್ದೂ 2010ರಲ್ಲಿ ದುಬೈ ಬಳಿ ಯು.ಪಿ.ಎಸ್. ಸರಕು ವಿಮಾನದ ಇಬ್ಬರು ಚಾಲಕರು ಇಂಥ ಹೊಗೆಗೇ ಬಲಿಯಾದರು. ಆ ಸಂಸ್ಥೆಯ ವಿಮಾನಗಳಿಗೆ ಚೀಲ ಬಂದದ್ದು ಅನಂತರ.