ಯಾರ್ಕಿನ ವಸತಿಮನಿ ಬುಡಕ್ಕ ರೋಮನ್ನರ ಬಚ್ಚಲ

ಮೂಗುಬಟ್ಟಿನ ಹರಳು ಬಚ್ಚಲದಾಗ ಬಿದ್ದು ಮೋರಿ ಹಿಡದ್ರ ಮುಗೀತು ನೋಡ್ರಿ. ಕಡ್ಡಿ ಹಾಕಿ ಕೆದರೋದೇನು, ಮೋರಿ ಬಾಯಿಗೆ ಅರಿವಿ ಕಟ್ಟೋದೇನು! ಸಿಗೂದು ಅಷ್ಟರಾಗ ಅದ. ಇಂಗ್ಲಂಡಿನ ಯಾರ್ಕ್ ಊರಾಗ ಹಂಗ ಬಿದ್ದ ಹರಳು ಸಿಕ್ಕಾವ. ಆದ್ರ ಸಿಗಲಿಕ್ಕೆ ಸಾವಿರದ ಐದುನೂರು ವರ್ಷದ ಮ್ಯಾಲೇ ಹಿಡೀತು.

ಯಾರ್ಕಿನ ನಟ್ಟನಡುವ ಸೇಂಟ್ ಸ್ಯಾಂಪ್ಸನ್ ಚೌಕ ಅದ. ಹಿಂದಕ ಅದಕ್ಕ ‘ಗುರುವಾರದ ಸಂತಿ’ ಅಂತನ ಹೆಸರಿತ್ತು. ಅಲ್ಲೆ ಮೇಲ್ ಕೋಚ್ ಇನ್ ಅನ್ನೋ ಹಳೇ ವಸತಿಮನಿ. ಟಪಾಲನ್ನೂ ಮಂದಿನ್ನೂ ಹೊತ್ತು ಕುದುರಿ ಗಾಡಿ ಓಡತಿದ್ದ ಕಾಲದ ಹೆಸರದು. 1839ರಾಗ ಊರಿಗೆ ರೈಲು ಬಂತು, ಗಾಡಿಗಳ ಕಾಲ ಮುಗೀತು; ಹೆಸರು ಮಾತ್ರ ಉಳೀತು.

1930ರ ಸುಮಾರಿಗೆ ಆ ಮನಿ ರಿಪೇರಿಗೆ ತಗದು, ನೆಲಾ ಅಗದಾಗ ಕೆಳಗ ಇನ್ನೊಂದು ನೆಲ ಸಿಕ್ತು! ನೋಡಿದ್ರ ರೋಮನ್ ಸೈನಿಕರ ಜಳಕದಮನಿ. ಕ್ರಿಸ್ತಶಕ 71ರಾಗ ರೋಮನ್ನರ ಒಂಬತ್ತನೇ ದಂಡು ಅಲ್ಲಿಗೆ ಬಂದು ಕೋಟಿ ಕಟ್ಟಿತ್ತು. ಊರಿಗೆ ಆವಾಗ ಎಬೊರಾಕಮ್ ಅಂತ ಹೆಸರು. ಆ ಥಂಡಿ ದೇಶದಾಗ ಸಾವಿರಾರು ಸೈನಿಕರಿಗೆ ಬಿಸಿ ಜಳಕ ಬ್ಯಾಡೇನ್ರಿ?

ಅವರು ಉರಿ ಹಾಕತಿದ್ದ ರೀತಿ ಭಾಳ ಛಂದ. ನಾವು ಹಂಡೆ ಬುಡಕ್ಕ ಒಲಿ ಹಚ್ಚತೇವಿ. ಅವರು ಇಡೀ ಖೋಲಿನ ಹಂಡೆ ಮಾಡಿಬಿಟ್ಟಿದ್ರು. ಸುಟ್ಟ ಇಟ್ಟಂಗಿ ಒಂದರ ಮ್ಯಾಲೊಂದು ಇಟ್ಟು ಗಿಡ್ಡ ಗಿಡ್ಡ ಕಂಬ ಮಾಡೋದು, ಅವುಗಳ ಮ್ಯಾಲೆ ನೆಲ ಕೂಡಿಸೋದು. ಹೊರಗಿನ ಒಲಿಯ ಬಿಸಿ ಗಾಳಿ ನೆಲದ ಕೆಳಗ ಹಾದು, ಗ್ವಾಡಿಯೊಳಗಿನ ಪೊಳ್ಳು ಇಟ್ಟಂಗಿ ಹಿಡದು ಮ್ಯಾಲೆ ಏರತಿತ್ತು. ಕಾಲು ಸುಡಬಾರದಂತ ಕಟಗಿ ಚಪ್ಪಲಿ ಮೆಟ್ಟತಿದ್ರಂತ. ಸಾಬಾಣ ಇಲ್ಲ, ಸೀಗಿಕಾಯಿ ಇಲ್ಲ. ಮೈಗೆ ಎಣ್ಣಿ ಹಚಗೊಂಡು, ಬೆವತು, ಬಾಗಿದ ಲೋಹದ ಪಟ್ಟಿಲೆ ಹೊಲಸು ಕೆರಕೋಳೋದು. ನಮ್ಮ ದೀಪಾವಳಿ ಎಣ್ಣಿ ನೀರಿನ ದೂರದ ಬೀಗರು ಅನ್ನರಿ!

ಅಲ್ಲಿಯ ಇಟ್ಟಂಗಿ ಮ್ಯಾಲೆ ಒಂಬತ್ತನೇ ದಂಡಿನ ಮುದ್ರಿನೂ ಅದ, ಸುಮಾರು 120ಕ್ಕ ಅದರ ಜಾಗಾಕ್ಕ ಬಂದ ಆರನೇ ದಂಡಿನ ಮುದ್ರಿನೂ ಅದ. ಒಂಬತ್ತನೇ ದಂಡು ಕಡೀಕೆ ಎಲ್ಲಿ ಹೋತು, ಏನಾತು ಅಂತ ಪಂಡಿತರು ಇನ್ನೂ ವಾದ ಮಾಡತಾರ. ಆದ್ರ ಅವರು ಸುಟ್ಟ ಇಟ್ಟಂಗಿ ನೋಡ್ರಿ, ಹಂಗ ಕೂತದ. ದಿನಾ ಆ ಒಲಿ ಮುಂದ ಕೂತು ಹೊಗಿ ಕುಡದವರ ಹೆಸರು ಮಾತ್ರ ಯಾವ ಇಟ್ಟಂಗಿ ಮ್ಯಾಲೂ ಇಲ್ಲ.

ಇನ್ನ ಹರಳಿನ ಮಾತು. 1972ರಾಗ ಅಲ್ಲೇ ಮಗ್ಗಲದ ಚರ್ಚ್ ಸ್ಟ್ರೀಟಿನ್ಯಾಗ ಅಗದಾಗ ಕಲ್ಲಿನ ಚಪ್ಪಡಿಲೆ ಕಟ್ಟಿದ ದೊಡ್ಡ ಗಟಾರ ಸಿಕ್ತು. ಜಳಕದಮನಿ ನೀರು ಹರದು ಹೋಗಲಿಕ್ಕೆ ಮಾಡಿದ್ದು ಅಂತ ತಿಳಿದವರು ಹೇಳತಾರ. ಅದರ ರಾಡಿಯೊಳಗ ಆಟದ ಕಾಯಿ, ಮಣಿ, ಉಂಗುರದ ಕೆತ್ತನಿ ಹರಳು ಸಿಕ್ಕವು. ಉಗಿಗೆ ಉಂಗುರದ ಅಂಟು ಮೆತ್ತಗಾಗಿ ಹರಳು ಉದುರತಿದ್ವು. ಆ ಹರಳು ಬರೇ ಶೋಕಿಗಲ್ಲ. ಅರಗಿನ ಮ್ಯಾಲೆ ಒತ್ತಿದ್ರ ಅದ ಸಹಿ. ಕಳಕೊಂಡವ ಎಷ್ಟು ಹಳಹಳಿಸಿರಬೇಕು!

ಇದೇ ಊರಾಗ 211ಕ್ಕ ಬಾದಶಹಾ ಸೆವೆರಸ್ ಸತ್ತ, 306ಕ್ಕ ಕಾನ್‌ಸ್ಟಂಟೈನಗ ಪಟ್ಟ ಕಟ್ಟಿದ್ರು. ಪುಸ್ತಕದಾಗ ಅವರದ ಸುದ್ದಿ. ನನಗ ಮಾತ್ರ ಆ ಹರಳು ಕಳಕೊಂಡವನ ಹತ್ತರದವ ಅನಸ್ತಾನ.

ನೆಲಾ ಅಗದವರು ಸಿಕ್ಕದ್ದರ ಮ್ಯಾಲೆ ಮಣ್ಣು ಎಳದು ಫರಸಿ ಹಾಕಿಬಿಟ್ಟಿದ್ರ ಕೇಳವರು ಯಾರಿದ್ರು? ಹಂಗ ಮಾಡಲಿಲ್ಲ. ಕೆಳಗಿಂದು ಕೆಳಗ ಉಳಿಸಿ, ಮ್ಯಾಲಿನ ಮನಿಗೆ ರೋಮನ್ ಬಾತ್ ಅಂತ ಹೆಸರಿಟ್ರು. ಈಗ ಮ್ಯಾಲೆ ಬೀರು, ಊಟ. ಪಾವಟಿಗಿ ಇಳದ್ರ ಸಣ್ಣ ಮ್ಯೂಜಿಯಂ. ನಮ್ಮ ಮನಿ ರಿಪೇರಿಗೆ ತಗದಾಗ ಹಳೇ ಒಳ್ಳು, ಬೀಸೋ ಕಲ್ಲು ಸಿಕ್ರ, ಭರಾವಿನ ಮಣ್ಣಿನ ಜೋಡಿ ನೂಕೋಕಿಂತ ಮೊದಲ ಒಂದು ಸಲ ತೊಳದು ನೋಡ್ರಿ.